ಮೇಲಿಂದ ಫೋನ್ ಮಾಡುವ ಷಡ್ಡಕ

ನನ್ನ ಷಡ್ಡಕನಷ್ಟು ಎತ್ತರದಿಂದ ಮಾತಾಡುವ ಮನುಷ್ಯನನ್ನು ನೀವು ಕಂಡಿರಲಾರಿರಿ. ದೊಡ್ಡಸ್ತಿಕೆಯ ಮಾತು ಅಂದುಕೊಳ್ಳಬೇಡಿ. ನಾನು ಹೇಳುತ್ತಿರುವುದು ಅಡಿಗಳಲ್ಲಿ ಅಳೆಯುವ ಎತ್ತರ! ವಿಮಾನ ಮೂವತ್ತೈದು ಸಾವಿರ ಅಡಿ ಮೇಲೆ ಹೋಗಿ, ಸೀಟಿನ ಪಟ್ಟಿಯ ದೀಪ ಆರಿದ್ದೇ ತಡ, ಈ ಆಸಾಮಿ ಜೇಬಿನಿಂದ ಫೋನ್ ತೆಗೆಯುತ್ತಾನೆ. ತೆಗೆದು ಯಾರಿಗೆ ಮಾಡುತ್ತಾನೆ? ಹೆಂಡತಿಗಲ್ಲ, ಫ್ಯಾಕ್ಟರಿಯ ಯಜಮಾನರಿಗಲ್ಲ. ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಲುಂಗಿ ಉಟ್ಟು ಕೂತಿರುವ ನನಗೆ!

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ದೇವರು ಗಂಡಸರಿಗೆ ಹೊಟ್ಟೆಕಿಚ್ಚು ಕೊಟ್ಟ ಮೇಲೆ, ಪಾಪ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಇವರು ಪರದಾಡಬಾರದು ಎಂದು ಷಡ್ಡಕನನ್ನು ಸೃಷ್ಟಿಸಿದ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಒಬ್ಬರೇ ಅಮ್ಮ. ಪಕ್ಕಪಕ್ಕ ನಿಲ್ಲಿಸಿ ತೂಗಿ ನೋಡಲು ಇದಕ್ಕಿಂತ ಅನುಕೂಲವಾದ ಜೋಡಿ ಬೇರೆಲ್ಲಿ ಸಿಗಬೇಕು? ನಾನು ಅವನನ್ನು ಎದುರಿಗೆ 'ನೀವು' ಎನ್ನುತ್ತೇನೆ, ಹಿಂದಿನಿಂದ 'ಅವನು' ಎನ್ನುತ್ತೇನೆ. ಷಡ್ಡಕರ ನಡುವಿನ ಮರ್ಯಾದೆ ಅಷ್ಟೇ.

ಕಾಮಾಕ್ಷಿಪಾಳ್ಯದ ಒಂದು ಫ್ಯಾಕ್ಟರಿಯಲ್ಲಿ ಬೇಕರಿಗಳಿಗೆ ಬೇಕಾದ ಭಾರಿ ಒಲೆಗಳನ್ನು ತಯಾರಿಸುತ್ತಾರೆ. ನಮ್ಮ ಅಡುಗೆಮನೆಯಷ್ಟು ದೊಡ್ಡ ಒಲೆಗಳು. ಅವನ್ನು ಬಿಡಿಬಿಡಿಯಾಗಿ ಹಡಗಿಗೆ ಹಾಕಿ ಗಲ್ಫ್ ದೇಶಗಳಿಗೆ ಕಳಿಸುತ್ತಾರೆ. ಹಿಂದೆಯೇ ವಿಮಾನದಲ್ಲಿ ನನ್ನ ಷಡ್ಡಕ ಹೋಗುತ್ತಾನೆ, ಜೋಡಿಸಿ, ಹೊತ್ತಿಸಿ, ಮೊದಲ ಬ್ರೆಡ್ಡು ಸರಿಯಾಗಿ ಬೆಂದದ್ದನ್ನು ನೋಡಿ ವಾಪಸು ಬರುತ್ತಾನೆ. ನಾನೋ, ಸುಂಕದಕಟ್ಟೆಯ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ದೇಶಗಳ ರಾಜಧಾನಿ ಬಾಯಿಪಾಠ ಮಾಡಿದವನು ನಾನು, ಅಲ್ಲಿಗೆ ಹೋಗಿ ಬನ್ನು ತಿಂದು ಬರುವವನು ಅವನು! ಯಾರಿಗೆ ತಾನೇ ಉರಿಯುವುದಿಲ್ಲ ಹೇಳಿ?

ಇನ್ನೊಂದು ವಿಚಿತ್ರ ಕೇಳಿ. ನೆಲದ ಮೇಲೆ ಈ ಮನುಷ್ಯ ಬಾಯಿ ಬಿಡುವುದೇ ಇಲ್ಲ. ಹಬ್ಬಕ್ಕೆ ಮನೆಗೆ ಬಂದರೆ ಬಾಗಿಲಲ್ಲಿ "ಹ್ಞೂಂ" ಅನ್ನುತ್ತಾನೆ. ಎಲೆಯ ಮುಂದೆ "ಸಾಕು" ಅನ್ನುತ್ತಾನೆ. ಹೊರಡುವಾಗ "ಬರ್ತೀವಿ" ಅನ್ನುತ್ತಾನೆ. ಅಲ್ಲಿಗೆ ಆ ವರ್ಷದ ಮಾತು ಮುಗಿಯಿತು. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ, "ಹುಡುಗ ಮೂಗನೇನೋ ನೋಡಿ ಹೇಳೇ" ಎಂದು ಮಗಳ ಕಿವಿಯಲ್ಲಿ ಕೇಳಿದ್ದರಂತೆ. ಅಂಥವನಿಗೆ ಆಕಾಶದಲ್ಲಿ ಮಾತು ಬಂತು!

ಮೊದಲ ಸಲ ಫೋನ್ ಬಂದಾಗ ನಾನು ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆಯ ಸಿಗ್ನಲ್ಲಿನಲ್ಲಿ, ಸ್ಕೂಟರಿನ ಮೇಲೆ ಎರಡು ಲಾರಿಗಳ ನಡುವೆ ಸಿಕ್ಕಿಕೊಂಡಿದ್ದೆ.

"ಮೇಷ್ಟ್ರೇ, ಎಲ್ಲಿದೀರಾ?"

"ಸುಂಕದಕಟ್ಟೆ ಸಿಗ್ನಲ್ಲಲ್ಲಿ. ನೀವು?"

"ನಾನು ಸಮುದ್ರದ ಮೇಲಿದೀನಿ."

"ಹಡಗಲ್ಲಿ ಹೊರಟ್ರಾ?"

"ಇಲ್ಲ, ವಿಮಾನದಲ್ಲಿ. ಈ ವಿಮಾನದಲ್ಲಿ ಫೋನ್ ಮಾಡಕ್ಕೆ ಬಿಡ್ತಾರೆ. ಮೇಲೆ ಹೋದ್ಮೇಲೆ ಇವರದ್ದೇ ನೆಟ್‌ವರ್ಕ್ ಬರುತ್ತೆ. ಸಿಗ್ನಲ್ ಬಿಡ್ತಾ?"

ನಾನು ಮುಂದೆ ನೋಡಿದೆ. ಬಿಟ್ಟಿರಲಿಲ್ಲ. "ಇಲ್ಲ" ಎಂದೆ. "ಪರವಾಗಿಲ್ಲ, ನಾನು ಲೈನಲ್ಲೇ ಇರ್ತೀನಿ" ಎಂದ! ಅವನು ಒಂದು ದೇಶ ಬಿಟ್ಟು ಇನ್ನೊಂದು ದೇಶದ ಕಡೆ ಹಾರುತ್ತಿದ್ದಾನೆ, ನಾನು ಒಂದು ಬೀದಿ ಬಿಟ್ಟು ಇನ್ನೊಂದು ಬೀದಿಗೆ ಹೋಗಲಾರದೆ ಕೂತಿದ್ದೇನೆ, ಅದನ್ನು ಅವನು ಲೈನಿನಲ್ಲಿ ಕೂತು ಕೇಳಿಸಿಕೊಳ್ಳುತ್ತಾನಂತೆ. ಹಿಂದಿನ ಆಟೋದವನು "ಏನ್ ಸಾರ್, ಗಾಡಿ ಮೇಲೆ ಸಂಸಾರ ಹೂಡ್ಬಿಟ್ರಾ?" ಎಂದು ಹಾರನ್ ಒತ್ತಿದ. "ಅದೇನು ಶಬ್ದ?" ಎಂದು ಷಡ್ಡಕ ಮೇಲಿಂದ ಆಸೆಯಿಂದ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಮನೆಗೆ ಬಂದು ಹೆಂಡತಿಯ ಹತ್ತಿರ ಬಾಯಿ ತಪ್ಪಿ ಹೇಳಿದೆ. ಅದೇ ನಾನು ಮಾಡಿದ ಎಡವಟ್ಟು. ಮರುದಿನಕ್ಕೆ ಇಡೀ ರಸ್ತೆಗೆ ಗೊತ್ತಾಗಿತ್ತು. ಕೆಳಗಿನ ಮನೆಯ ಓನರ್ ಆಂಟಿ ಗೇಟಿನಲ್ಲಿ ತಡೆದು, "ಮೇಷ್ಟ್ರೇ, ನಿಮ್ಗೆ ಏರೋಪ್ಲೇನಿಂದ ಕಾಲ್ ಬರುತ್ತಂತೆ?" ಎಂದು ಕೇಳಿದರು. ಅದುವರೆಗೆ ಅವರು ನನ್ನೊಡನೆ ಆಡಿದ್ದ ಮಾತೆಂದರೆ ಮೋಟಾರು ಆಫ್ ಮಾಡಿ ಎಂಬುದೊಂದೇ. ಇಸ್ತ್ರಿ ಅಂಗಡಿಯ ಅಣ್ಣ ನನ್ನ ಅಂಗಿ ಮಡಿಸುತ್ತ, "ಸಾರ್, ಮೇಲಿಂದ ಮಾತಾಡಿದ್ರೆ ಗಾಳಿ ಸದ್ದು ಬರಲ್ವಾ?" ಎಂದ. ನನ್ನ ಗೌರವವೇನೋ ಹೆಚ್ಚಿತು. ಆದರೆ ಅದೆಲ್ಲ ಅವನಿಂದ ಬಂದದ್ದು! ಅಂಥ ಗೌರವ ಗಂಟಲಲ್ಲಿ ಇಳಿಯುತ್ತದೆಯೇ?

ನಮ್ಮ ಅತ್ತೆ ನಮ್ಮ ಮನೆಯಲ್ಲೇ ಇರುತ್ತಾರೆ. ಮುಂದಿನ ಸಲ ಫೋನ್ ಬಂದಾಗ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಮಂಡಿನೋವು ಮರೆತು, ಮೆಟ್ಟಿಲು ಹತ್ತಿ ತಾರಸಿಗೆ ಹೋಗಿಬಿಟ್ಟರು. ಯಾಕೆ ಎಂದರೆ, "ಮೇಲಿಂದ ಬರೋ ಫೋನು ಕಣ್ರೀ, ಮೇಲೆ ಹೋದ್ರೆ ಚೆನ್ನಾಗಿ ಕೇಳುತ್ತೆ" ಅಂದರು. ಅಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ಪಕ್ಕ ನಿಂತು, ಲೌಡ್‌ಸ್ಪೀಕರ್ ಹಾಕಿ, ಪಕ್ಕದ ತಾರಸಿಯವರಿಗೂ ಕೇಳುವಂತೆ ಶುರುಮಾಡಿದರು.

"ಊಟ ಕೊಟ್ರೇನಪ್ಪಾ? ಸಾರು ಖಾರ ಇತ್ತಾ? ಕಿಟಕಿ ಹಾಕ್ಕೊಂಡು ಕೂತ್ಕೋ, ಗಾಳಿ ಹೊಡೆಯುತ್ತೆ. ಡ್ರೈವರ್ ನಿಧಾನಕ್ಕೆ ಓಡಿಸ್ತಾ ಇದಾನಾ?"

ಅಷ್ಟು ಹೊತ್ತಿಗೆ ಬಹಳ ಎತ್ತರದಲ್ಲಿ ಯಾವುದೋ ವಿಮಾನವೊಂದು ಬಿಳಿ ಗೆರೆ ಎಳೆಯುತ್ತ ಹೋಯಿತು. ಅತ್ತೆ ಸೆರಗು ಬೀಸಿ, "ಕಾಣ್ತಾ ಇದೀನಾ? ಹಸಿರು ಸೀರೆ!" ಎಂದು ಕೂಗಿದರು. ಫೋನಿನಿಂದ, "ಹ್ಞೂಂ ಅತ್ತೆ, ಕಾಣ್ತಾ ಇದೀರಿ" ಎಂದು ಉತ್ತರ ಬಂತು. ಸುಳ್ಳ! ಅವನಾಗಲೇ ಅರಬ್ಬೀ ಸಮುದ್ರದ ನಡುವೆ ಇದ್ದ. ಆದರೆ ಅತ್ತೆಯ ಮುಖ ಆ ಹೊತ್ತಿನಲ್ಲಿ ಹೊಳೆದ ಹೊಳಪು! ಹದಿನೆಂಟು ವರ್ಷದಿಂದ ಅವರ ಎದುರಿಗೇ ಕೂತು ಉಣ್ಣುತ್ತಿದ್ದೇನೆ, ಸಾರು ಖಾರವಾಯಿತೇ ಎಂದು ನನ್ನನ್ನು ಒಂದು ದಿನ ಕೇಳಿದ್ದುಂಟೇ?

ಅತ್ತೆ ಫೋನ್ ಹಿಂದಕ್ಕೆ ಕೊಟ್ಟ ಮೇಲೆ ಅವನು ನನ್ನನ್ನು ಬಿಡುವುದಿಲ್ಲ. ಪ್ರಶ್ನೆಗಳಾದರೂ ಎಂಥವು ಅಂತೀರಿ! "ನೀರು ಬಂತಾ?" "ಪಕ್ಕದ ಮನೆ ನಾಯಿಗೆ ಕುಂಟು ವಾಸಿ ಆಯ್ತಾ?" "ಉಪ್ಪಿಟ್ಟಿಗೆ ಅವರೆಕಾಳು ಹಾಕಿದ್ರಾ?" "ನಿಮ್ಮ ರಸ್ತೆ ಅಗೆದಿದ್ರಲ್ಲ, ಮುಚ್ಚಿದ್ರಾ?" ನೀವೇ ಯೋಚನೆ ಮಾಡಿ. ಮೋಡಗಳ ಮೇಲೆ ಮೆತ್ತನೆಯ ಸೀಟಿನಲ್ಲಿ ಕೂತು, ಚೆಂದದ ಹುಡುಗಿ ತಂದುಕೊಟ್ಟ ಹಣ್ಣಿನ ರಸ ಕುಡಿಯುತ್ತ, ನಮ್ಮ ರಸ್ತೆಯ ಗುಂಡಿಯ ಸುದ್ದಿ ಕೇಳುವುದೆಂದರೆ ಅಣಕ ಅಲ್ಲದೆ ಮತ್ತೇನು? ಅವನಿಗೆ ಹೇರೋಹಳ್ಳಿಯಲ್ಲಿ ಸ್ವಂತ ಮನೆ ಬೇರೆ ಇದೆ. ಅಲ್ಲಿಯ ರಸ್ತೆ ಮಳೆಗಾಲದಲ್ಲಿ ಕೆರೆಯಾಗುತ್ತದೆ ಎಂಬುದೊಂದೇ ನನಗಿದ್ದ ಸಮಾಧಾನ.

ಸೇಡು ತೀರಿಸಿಕೊಳ್ಳಲು ನಾನೊಂದು ಉಪಾಯ ಹೂಡಿದೆ. ಕೇಳಿದ್ದಕ್ಕೆಲ್ಲ ಉದ್ದುದ್ದ ಉತ್ತರ ಕೊಟ್ಟು ಬೇಸರ ಹಿಡಿಸುವುದು! ಮೇಷ್ಟ್ರಿಗೆ ಅದೇನು ಕಷ್ಟದ ಕೆಲಸವೇ? ನಾಯಿಯ ಕುಂಟಿನಿಂದ ಶುರುಮಾಡಿ, ನಾಯಿಯ ಯಜಮಾನನ ತಮ್ಮ ವಿಜಯನಗರದಲ್ಲಿ ಇಟ್ಟ ಬಟ್ಟೆ ಅಂಗಡಿ, ಅದರ ಬೋರ್ಡಿನಲ್ಲಿ ಕನ್ನಡ ತಪ್ಪಾಗಿ ಬರೆದದ್ದು, ಅದನ್ನು ನಾನು ತಿದ್ದಿಸಲು ಹೋಗಿ ಜಗಳವಾದದ್ದು, ಹೀಗೆ ಎಳೆದೆ. ನನ್ನ ಮಾತು ಮೇಲೆ ಹೋಗಿ, ಉಪಗ್ರಹವನ್ನು ಮುಟ್ಟಿ, ಅವನ ಕಿವಿಗೆ ಬೀಳಲು ಒಂದು ಚೂರು ತಡವಾಗುತ್ತಿತ್ತು. ಆ ತಡವಾದ ಮೇಲೆ ಅತ್ತಲಿಂದ ಒಂದೇ ಪದ ಬರುತ್ತಿತ್ತು. "ಆಮೇಲೆ?"

ನಾನು ಮತ್ತೆ ಎಳೆಯುತ್ತಿದ್ದೆ. ಮತ್ತೆ "ಆಮೇಲೆ?" ನನ್ನ ಗಂಟಲು ಒಣಗುತ್ತಿತ್ತೇ ಹೊರತು ಅವನಿಗೆ ಬೇಸರವಾಗುತ್ತಿರಲಿಲ್ಲ. "ಏನ್ರೀ, ತಂಗಿ ಗಂಡನ ಹತ್ರ ಇಷ್ಟು ಹೊತ್ತು ಮಾತಾಡ್ತೀರಿ, ನನ್ನ ಹತ್ರ ಮಾತಾಡಿ ಅಂದ್ರೆ ಪೇಪರ್ ಹಿಡ್ಕೋತೀರಿ" ಎಂದು ಹೆಂಡತಿ ಮೂದಲಿಸಿದಳು. ಆಮೇಲೆ, "ಅವ್ರು ಅಷ್ಟು ದೂರದಿಂದ ನೆನಪಿಸ್ಕೊಂಡು ಫೋನ್ ಮಾಡ್ತಾರೆ. ನೀವು ಸ್ಕೂಲಿಂದ ಒಂದು ದಿನ ಮಾಡಿದೀರಾ?" ಎಂದಳು. ಅಲ್ಲಿಗೆ ನನ್ನ ಸಹನೆ ಕೊನೆಯಾಯಿತು. ನಾನೂ ಒಮ್ಮೆ ಮೇಲೆ ಹೋಗಬೇಕು, ಮೇಲಿಂದ ಫೋನ್ ಮಾಡಬೇಕು ಎಂದು ಶಪಥ ಮಾಡಿದೆ. ಅದೇ ಉರಿಯಲ್ಲಿ ಪಾಸ್‌ಪೋರ್ಟನ್ನೂ ಮಾಡಿಸಿಟ್ಟೆ.

ಅವಕಾಶ ಬಂತು. ದೆಹಲಿಯಲ್ಲಿ ಭೂಗೋಳ ಶಿಕ್ಷಕರಿಗೆ ತರಬೇತಿ, ವಿಮಾನದಲ್ಲೇ ಕಳಿಸುತ್ತಾರೆ ಎಂದು ಗೊತ್ತಾದ ದಿನ ನಾನು ಶಾಲೆಯ ಕಾರಿಡಾರಿನಲ್ಲಿ ನೆಲಕ್ಕೆ ಕಾಲು ತಾಗಿಸದೆ ನಡೆದೆ. ಓನರ್ ಆಂಟಿಗೂ ಇಸ್ತ್ರಿ ಅಣ್ಣನಿಗೂ ಹೇಳಿದೆ. "ಮಧ್ಯಾಹ್ನ ಮೇಲಿಂದ ಮಾಡ್ತೀನಿ, ತಾರಸಿಗೆ ಬಂದಿರಿ" ಎಂದು ಅತ್ತೆಗೂ ಹೇಳಿದೆ. ವಿಮಾನ ಏರಿತು. ಸೀಟು ಪಟ್ಟಿಯ ದೀಪ ಆರಿತು. ನಾನು ಗಂಭೀರವಾಗಿ ಗಗನಸಖಿಯನ್ನು ಕರೆದು, "ಫೋನ್ ಯಾವಾಗಿಂದ ಬಿಡ್ತೀರಮ್ಮಾ?" ಎಂದು ಕೇಳಿದೆ.

ಆ ಹುಡುಗಿ ನಗುತ್ತಲೇ, "ಫ್ಲೈಟ್ ಮೋಡ್‌ಗೆ ಹಾಕಿ ಸಾರ್. ನಮ್ಮಲ್ಲಿ ಆ ಸೌಲಭ್ಯ ಇಲ್ಲ" ಅಂದಳು.

"ನಮ್ಮ ಷಡ್ಡಕ ಮಾಡ್ತಾರಲ್ಲ?"

"ಅದು ಬೇರೆ ಕಂಪನಿ ಇರ್ಬೇಕು ಸಾರ್. ಎಲ್ಲ ವಿಮಾನದಲ್ಲೂ ಇರಲ್ಲ. ನೀರು ಕೊಡ್ಲಾ?"

ಕಿಟಕಿಯ ಹೊರಗೆ ಮೋಡಗಳಿದ್ದವಂತೆ. ನಾನು ನೋಡಲಿಲ್ಲ. ದೆಹಲಿ ಬರುವವರೆಗೂ ಮುಂದಿನ ಸೀಟಿನ ಬೆನ್ನನ್ನೇ ದುರುಗುಟ್ಟಿಕೊಂಡು ಕೂತಿದ್ದೆ. ಇಳಿದ ಮೇಲೆ ಸೋಲೊಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಸೂಟ್‌ಕೇಸಿಗೆ ಕಾಯುತ್ತ ನಿಂತಲ್ಲಿಂದಲೇ ಮನೆಗೆ ಫೋನ್ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ಮಧ್ಯೆ ಮಧ್ಯೆ 'ಸೂಂ' ಎಂಬ ಗಾಳಿ ಸದ್ದನ್ನು ನಾನೇ ಹೊರಡಿಸುತ್ತ, "ಹಲೋ... ಕೇಳ್ತಾ ಇದೆಯಾ... ಈಗ ವಿಂಧ್ಯ ಪರ್ವತದ ಮೇಲಿದೀನಿ" ಎಂದೆ.

ಅದೇ ಹೊತ್ತಿಗೆ ತಲೆಯ ಮೇಲಿನ ಸ್ಪೀಕರು, ಬೆಂಗಳೂರಿನಿಂದ ಬಂದವರ ಸಾಮಾನು ಇಂಥ ಬೆಲ್ಟಿನಲ್ಲಿ ಬರುತ್ತಿದೆ ಎಂದು ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಸಾರಿತು.

ಹೆಂಡತಿ ಕೇಳಿದಳು: "ವಿಂಧ್ಯ ಪರ್ವತದ ಮೇಲೆ ಸೂಟ್‌ಕೇಸ್ ಕೊಡ್ತಾರೇನ್ರೀ?" ಹಿಂದಿನಿಂದ ಅತ್ತೆಯ ಧ್ವನಿ: "ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತು ನನ್ನ ನೆತ್ತಿ ಸುಟ್ಟೋಯ್ತು ಅಂತ ಹೇಳೇ ಅವ್ರಿಗೆ!"

ಈ ಸುದ್ದಿ ಹೇರೋಹಳ್ಳಿಗೂ ಹೋಗಿರಬೇಕು. ಆದರೆ ಮುಂದಿನ ಹಬ್ಬಕ್ಕೆ ಬಂದಾಗ ಅವನು ಆಡಿಕೊಳ್ಳಲಿಲ್ಲ. "ಹ್ಞೂಂ" ಎಂದ, "ಸಾಕು" ಎಂದ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕುವವನಂತೆ ನಟಿಸುತ್ತ ಹೇಳಿದ: "ಮೇಷ್ಟ್ರೇ, ಬೇಸಿಗೆ ರಜಾದಲ್ಲಿ ಮಸ್ಕತ್‌ಗೆ ಹೋಗ್ತಾ ಇದೀನಿ. ಪದೇ ಪದೇ ಓಡಾಡಿದ್ದಕ್ಕೆ ವಿಮಾನದವ್ರು ಒಂದು ಟಿಕೆಟ್ ಸುಮ್ನೆ ಕೊಟ್ಟಿದಾರೆ. ಬನ್ನಿ."

ಅಷ್ಟೊಂದು ವಾಕ್ಯಗಳನ್ನು ಅವನು ನೆಲದ ಮೇಲೆ ನಿಂತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೆಂಡತಿಯನ್ನು ಬಿಟ್ಟು ನನ್ನನ್ನೇಕೆ ಕರೆಯುತ್ತಾನೆ? ತನ್ನ ವೈಭವವನ್ನು ಹತ್ತಿರದಿಂದ ತೋರಿಸಿ ನನ್ನನ್ನು ಪೂರ್ತಿ ಸುಟ್ಟು ಬೂದಿ ಮಾಡಲು! ನನಗೆ ಅನುಮಾನವೇ ಇರಲಿಲ್ಲ. ಆದರೂ ಹೊರಟೆ. ಅದೇ ವಿಮಾನದಲ್ಲಿ, ಅವನ ಪಕ್ಕದಲ್ಲೇ ಕೂತು, ಅವನಿಗಿಂತ ಮೊದಲು ನಾನೇ ಅತ್ತೆಗೆ ಫೋನ್ ಮಾಡಿಬಿಡಬೇಕು ಎಂದು ಲೆಕ್ಕ ಹಾಕಿದ್ದೆ.

ಮಧ್ಯಾಹ್ನದ ವಿಮಾನ. ಕಿಟಕಿ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟ. "ನೀವು ನೋಡಿ, ನಂಗೆ ಬೇಡ" ಎಂದ. ಎಷ್ಟೋ ಸಲ ನೋಡಿದವನ ಗರ್ವ ಎಂದುಕೊಂಡೆ. ವಿಮಾನ ಓಡಿ ಮೇಲೆದ್ದಿತು. ಮನೆಗಳು ಕಿರಿದಾದವು. ನಾನು ಮಕ್ಕಳ ಹಾಗೆ ಗಾಜಿಗೆ ಮೂಗು ಒತ್ತಿ ಕೂತಿದ್ದೆ. ಆಗ ಗಗನಸಖಿಯ ಧ್ವನಿ ಕೇಳಿಸಿತು: ಈ ದಿನ ತಾಂತ್ರಿಕ ತೊಂದರೆಯಿಂದ ಫೋನ್ ಸೌಲಭ್ಯ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಕ್ಷಮಿಸಿ.

ನನಗೆ ಅರ್ಧ ನಿರಾಶೆ, ಅರ್ಧ ಸಂತೋಷ. ಇಲ್ಲ, ನಿಜ ಹೇಳಿಬಿಡುತ್ತೇನೆ, ಪೂರ್ತಿ ಸಂತೋಷ! ಅವನ ಮುಖ ಹೇಗೆ ಬಾಡಿದೆಯೋ ನೋಡೋಣ ಎಂದು ತಿರುಗಿದೆ.

ಅವನ ಮುಖ ಬಾಡಿರಲಿಲ್ಲ. ಬಿಳಿಚಿಕೊಂಡಿತ್ತು. ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಎರಡೂ ಕೈ ಸೀಟಿನ ತೋಳನ್ನು ಹಿಡಿದಿದ್ದ ಬಿಗಿಗೆ ಗೆಣ್ಣುಗಳು ಉಬ್ಬಿದ್ದವು. ಹಾದುಹೋದ ಗಗನಸಖಿಯನ್ನು ನಿಲ್ಲಿಸಿ, ಫೋನು ನಿಜವಾಗಿಯೂ ಇಲ್ಲವೇ ಎಂದು ಅವನು ಮತ್ತೊಮ್ಮೆ ಕೇಳಿದ. ಇಲ್ಲ ಎಂದು ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ವಿಮಾನ ಗುಂಡಿಗೆ ಇಳಿದ ಸ್ಕೂಟರಿನಂತೆ ಒಮ್ಮೆ ಕುಸಿದು ಎದ್ದಿತು. ಅವನು ಕಣ್ಣು ಮುಚ್ಚಿ, ಪಕ್ಕನೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡ. ಒಲೆಯ ಬೋಲ್ಟುಗಳನ್ನು ಬಿಗಿದ ಕೈ. ನನಗೆ ನೋವಾಯಿತು.

"ಏನ್ರೀ, ಏನಾಯ್ತು? ಡಾಕ್ಟರನ್ನ ಕೇಳ್ಲಾ?"

"ಬೇಡ. ಏನಾದ್ರೂ ಮಾತಾಡಿ ಮೇಷ್ಟ್ರೇ."

"ಏನು ಮಾತಾಡ್ಲಿ?"

"ಏನಾದ್ರೂ. ನಿಮ್ಮ ಬೀದಿದು. ನಿಮ್ಮ ಸ್ಕೂಲ್ದು." ಕಣ್ಣು ತೆರೆಯದೆಯೇ ಹೇಳಿದ. "ನಂಗೆ ವಿಮಾನ ಅಂದ್ರೆ ಮೊದಲಿಂದ್ಲೂ ಭಯ. ಹೋಗೋ ಹಿಂದಿನ ದಿನ ಅನ್ನ ಸೇರಲ್ಲ. ಒಂದ್ಸಲ ಮೇಲಿಂದ ನನ್ನ ಹೆಂಡ್ತಿಗೆ ಫೋನ್ ಮಾಡಿ ಭಯ ಆಗ್ತಿದೆ ಅಂದ್ಬಿಟ್ಟೆ. ನಾನು ಇಳಿಯೋವರೆಗೂ ಅವ್ಳು ದೇವರ ಮನೆಯಿಂದ ಎದ್ದಿಲ್ಲ. ಆಮೇಲೆ ಅವ್ಳಿಗೆ ಮಾಡಲೇ ಇಲ್ಲ. ಅತ್ತೆ ಹತ್ರ ಹೇಳಕ್ಕಾಗಲ್ಲ, ಲೌಡ್‌ಸ್ಪೀಕರ್ ಹಾಕ್ತಾರೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ನೀವಾದ್ರೆ ನಿಲ್ಲಿಸ್ದೆ ಮಾತಾಡ್ತೀರಿ," ಎಂದ. "ನೀರು ಬಂತು, ಸಿಗ್ನಲ್ ಬಿಡ್ಲಿಲ್ಲ, ಉಪ್ಪಿಟ್ಟು ತಳ ಹಿಡೀತು ಅಂತ. ಕೇಳ್ತಾ ಇದ್ರೆ ನಾನೂ ಅಲ್ಲೇ ಎಲ್ಲೋ ನಿಂತಿದೀನಿ ಅನ್ಸುತ್ತೆ. ಕಾಲಿಗೆ ನೆಲ ಸಿಕ್ಕಂಗಾಗುತ್ತೆ."

"ಅಷ್ಟು ಭಯ ಇದ್ರೆ ಈ ಕೆಲಸ ಬಿಡಬಾರದಾ?"

"ಒಲೆ ಬಿಟ್ರೆ ಬೇರೇನು ಬರುತ್ತೆ ನಂಗೆ?" ಎಂದ. ವಿಮಾನ ಮತ್ತೆ ನಡುಗಿತು. ನನ್ನ ಕೈಯ ಮೇಲಿನ ಹಿಡಿತ ಬಿಗಿಯಾಯಿತು. "ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಮೇಷ್ಟ್ರೇ. ಬೆಳಿಗ್ಗೆ ಸ್ಕೂಟರ್ ತಗೊಂಡು ಹೋಗ್ತೀರಿ, ಸಂಜೆ ಮನೆಗೆ ಬರ್ತೀರಿ. ಎಂಥಾ ಪುಣ್ಯ ನಿಮ್ದು."

ನನ್ನ ಬಗ್ಗೆಯೂ ಹೊಟ್ಟೆ ಉರಿದುಕೊಳ್ಳುವ ಒಬ್ಬ ಮನುಷ್ಯ ಈ ಭೂಮಿಯ ಮೇಲೆ, ಅಲ್ಲ, ಭೂಮಿಯಿಂದ ಅಷ್ಟು ಮೇಲೆ, ಇದ್ದಾನೆ ಎಂದು ನನಗೆ ಹೇಗೆ ತಿಳಿಯಬೇಕು? ಎಷ್ಟೋ ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದ ನನ್ನ ಉರಿಗೆ ಈಗ ಕೂರಲು ಜಾಗವೇ ಇರಲಿಲ್ಲ. ಕಿಟಕಿಯ ಪರದೆಯನ್ನು ಕೆಳಗೆ ಎಳೆದೆ. ಅವನ ಕಡೆಗೆ ಪೂರ್ತಿ ತಿರುಗಿ ಕೂತೆ.

ಮಾತಾಡಿದೆ. ನಮ್ಮ ಹೆಡ್‌ಮಾಸ್ಟರು ಹೊಸ ಬಯೋಮೆಟ್ರಿಕ್ ಯಂತ್ರಕ್ಕೆ ಬೆರಳು ಒತ್ತಿ ಒತ್ತಿ ಅದು ಅವರನ್ನೇ ಗುರುತಿಸದೆ ಹೋದದ್ದು, ರಾಜಾಜಿನಗರದಲ್ಲಿ ಚಪ್ಪಲಿ ಕೊಳ್ಳಲು ಹೋದ ನನ್ನ ಹೆಂಡತಿ ಕುಕ್ಕರ್ ತಂದದ್ದು, ಕೆಂಗೇರಿಯ ಮದುವೆಗೆ ಹೋದ ನಾನು ಬೇರೆಯವರ ಮದುವೆಯ ಪಂಕ್ತಿಯಲ್ಲಿ ಕೂತು ಹೋಳಿಗೆವರೆಗೂ ಉಂಡದ್ದು, ಎಲ್ಲ ಹೇಳಿದೆ. ಹೇಳಲು ಇಷ್ಟೊಂದು ನನ್ನ ಬಳಿ ಇದೆ ಎಂದು ನನಗೇ ತಿಳಿದಿರಲಿಲ್ಲ. ಹೋಳಿಗೆಯ ಹತ್ತಿರ ಬರುವಾಗ ಅವನ ಉಸಿರು ಒಂದು ಹದಕ್ಕೆ ಬಂದಿತ್ತು. ಸ್ವಲ್ಪ ಹೊತ್ತಿಗೆ ತಲೆ ವಾಲಿ ನನ್ನ ಭುಜಕ್ಕೆ ತಗುಲಿತು. ನಿದ್ದೆ ಬಂದಿತ್ತು.

ನಾನು ಮಾತು ನಿಲ್ಲಿಸಿದೆ. ಅವನ ಹುಬ್ಬು ಗಂಟಿಕ್ಕಿತು, ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ ಕದಲಿದವು. ಗಾಬರಿಯಾಗಿ ಮತ್ತೆ ಶುರುಮಾಡಿದೆ, ಈ ಸಲ ಮೆಲ್ಲಗೆ.

ಗಗನಸಖಿ ಊಟದ ಗಾಡಿ ತಳ್ಳಿಕೊಂಡು ಬಂದಳು. ನಾನು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಒಂದು ಹೊದಿಕೆ ತಂದು ಅವನಿಗೆ ಹೊದಿಸುತ್ತ, ಇವರು ನಿಮಗೆ ಏನಾಗಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಷಡ್ಡಕ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

"ತಮ್ಮ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ತಲೆಯಾಡಿಸಿ, ನಮ್ಮ ತಲೆಯ ಮೇಲಿನ ದೀಪ ಆರಿಸಿ ಮುಂದೆ ಹೋದಳು. ನಾನು ಮರಗಟ್ಟಿದ ಕೈಯನ್ನು ಅಲ್ಲಾಡಿಸದೆ ಕಥೆ ಮುಂದುವರಿಸಿದೆ. "ಅಷ್ಟರಲ್ಲಿ ಹುಡುಗಿ ಕಡೆಯೋರು ಒಬ್ರು ಬಂದು, ನೀವು ಯಾರ ಪೈಕಿ ಅಂತ ಕೇಳಿದ್ರು ನೋಡಿ..."